ಕಾರ್ತಿಕದಲ್ಲಿ ದಮಣ

ದೀಪಾವಳಿ ಸಮೀಪಿಸಿತೆಂದರೆ ನಮ್ಮ ವಾಚನಾಲಯದ ಮೇಜಿನ ಸುತ್ತ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: "ದಮಣಕ್ಕೆ ಹೋಗುವುದು ಹೇಗೆ?" ಕೇಳುವವರು ಸಾಮಾನ್ಯವಾಗಿ ಹರೆಯದವರು, ಕೇಳುವಾಗ ದನಿ ತಗ್ಗಿಸುತ್ತಾರೆ. ಅತ್ತ ವೃತ್ತಪತ್ರಿಕೆ ಹಿಡಿದು ಕುಳಿತ ಹಿರಿಯರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಅಲ್ಲೇನು ಕೆಲಸ ನಿನಗೆ?" ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ದಮಣವೆಂದರೆ ಬಾಟ್ಲಿ, ಬಾಟ್ಲಿಯೆಂದರೆ ದಮಣ. ಹೊಟ್ಟೆ ಹೊರೆಯಲು ಗುಜರಾತಿಗೆ ಬಂದ ನಮ್ಮಂಥವರ ಮಟ್ಟಿಗೆ ಆ ಊರಿನ ಭೂಗೋಳ, ಇತಿಹಾಸಗಳೆಲ್ಲ ಇಷ್ಟರಲ್ಲೇ ಮುಗಿದುಹೋಗಿವೆ. ನಾವು ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಸಂಗಡಿಗರೊಡನೆ ನಾಲ್ಕೈದು ಸಲ ಅಲ್ಲಿಗೆ ಹೋಗಿ ಬಂದಿದ್ದೇವೆ. ಬಾಟ್ಲಿಯ ಮಾತು ಬಿಟ್ಟರೂ ಒಂದು ದಿನದ ರಜೆಯನ್ನು ಕೊಟ್ಟು ನೋಡತಕ್ಕ ಊರು ಅದು. ಬಾಟ್ಲಿಯ ಮಾತನ್ನಾದರೋ ಬಿಡುವಂತಿಲ್ಲ, ಏಕೆಂದರೆ ಅದರಿಂದ ಕೆಟ್ಟವರನ್ನು ಕಂಡಿದ್ದೇವೆ. ಕೇಳುವವರಿಗೂ ಗದರಿಸುವವರಿಗೂ ಉಪಯೋಗವಾದೀತೆಂದು ಇಷ್ಟು ಬರೆಯುತ್ತಿದ್ದೇವೆ.

ಕನ್ನಡ ಪತ್ರಿಕೆಗಳು ದಮನ್ ಎಂದು ಬರೆಯುವ ಊರನ್ನು ಇಲ್ಲಿಯ ಜನ ದಮಣ ಎನ್ನುತ್ತಾರೆ. ಸೂರತ್ತಿನ ದಕ್ಷಿಣಕ್ಕೆ ಅರಬೀ ಸಮುದ್ರದ ದಂಡೆಯ ಮೇಲೆ, ದಮಣಗಂಗಾ ನದಿಯು ಕಡಲನ್ನು ಸೇರುವಲ್ಲಿ ಅದು ಇದೆ. ಈ ನದಿ ಹುಟ್ಟುವುದು ನಾಸಿಕ ಜಿಲ್ಲೆಯ ಸಹ್ಯಾದ್ರಿಯಲ್ಲಿ. ಅಂದರೆ ನಮ್ಮ ಕಾಳಿ, ಶರಾವತಿಗಳಂತೆ ಇದೂ ಘಟ್ಟವಿಳಿದು ಪಡುವಣಕ್ಕೆ ಹರಿಯುವ ಹೊಳೆಯೇ. ದಮಣ ಜಿಲ್ಲೆಯ ಒಟ್ಟು ವಿಸ್ತಾರ ಸುಮಾರು 72 ಚದರ ಕಿಲೋಮೀಟರು. ನಮ್ಮ ಕಡೆಯ ಸಾಧಾರಣ ತಾಲ್ಲೂಕೊಂದರ ಹತ್ತನೆಯ ಒಂದು ಪಾಲೂ ಆಗಲಾರದು. ಒಂದು ಕಡೆ ಕಡಲು, ಉಳಿದ ಮೂರೂ ಕಡೆ ಗುಜರಾತಿನ ವಲಸಾಡ ಜಿಲ್ಲೆ.

ಗಡಿಯಲ್ಲಿರುವ ನದಿಯೂರುಗಳಲ್ಲಿ ಸಾಮಾನ್ಯವಾಗಿ ನದಿಯೇ ಗಡಿಯಾಗಿರುತ್ತದೆ. ರಾಯಚೂರು ಕಡೆಯವರು ತುಂಗಭದ್ರೆಯನ್ನು ದಾಟಿ ಮಂತ್ರಾಲಯಕ್ಕೆ ಹೋದರೆ ಆಂಧ್ರ ಬಂತು. ಥಾಯ್ಲೆಂಡಿನ ನೋಂಗ್ ಖಾಯ್ ಎಂಬ ಊರಿನಲ್ಲಿ ನಿಂತರೆ ಮೆಕಾಂಗ್ ನದಿಯ ಎದುರು ದಂಡೆ ಲಾವೋಸ್ ದೇಶದ್ದು. ದಮಣದಲ್ಲಿ ಹಾಗಲ್ಲ. ದೊಡ್ಡ ನದಿ ಊರಿನ ನಟ್ಟನಡುವೆ ಹರಿದು ಅದನ್ನು ಎರಡಾಗಿ ಮಾಡಿದೆ. ಬಡಗಣ ದಂಡೆ ನಾನಿ ದಮಣ, ಎಂದರೆ ಚಿಕ್ಕ ದಮಣ. ತೆಂಕಣ ದಂಡೆ ಮೋಟಿ ದಮಣ, ಎಂದರೆ ದೊಡ್ಡ ದಮಣ. ಹೆಸರು ಹೀಗಿದ್ದರೂ ಈಗ ಪೇಟೆ, ಹೋಟೆಲು, ಜನಸಂದಣಿ ಎಲ್ಲವೂ ಚಿಕ್ಕದರಲ್ಲೇ, ದೊಡ್ಡದು ನಿಶ್ಶಬ್ದವಾಗಿದೆ. ಗುಜರಾತಿನೊಡನೆ ಇರುವ ಗಡಿಯಾದರೋ ಬಹುಪಾಲು ಹೊಲ, ಕಾರಖಾನೆ, ಅಂಗಡಿಗಳ ನಡುವೆ ಹಾದುಹೋಗುತ್ತದೆ. ಗೊತ್ತಿಲ್ಲದವರಿಗೆ ದಾಟಿದ್ದೇ ತಿಳಿಯುವುದಿಲ್ಲ.

ಆಡಳಿತದಲ್ಲಿ ಇದು ಕೇಂದ್ರಾಡಳಿತ ಪ್ರದೇಶ. 1961ರಿಂದ ಗೋವೆಯ ಜತೆಯಲ್ಲಿತ್ತು. 1987ರ ಮೇ 30ರಂದು ಗೋವೆ ಪ್ರತ್ಯೇಕ ರಾಜ್ಯವಾದಾಗ ದಮಣ ಮತ್ತು ದೀವ್ ಬೇರೆಯಾಗಿ ಉಳಿದುವು. 2020ರ ಜನವರಿ 26ರಿಂದ ದಾದ್ರಾ ಮತ್ತು ನಗರ ಹವೇಲಿಯೊಡನೆ ಕೂಡಿ ಒಂದೇ ಪ್ರದೇಶವಾಗಿದೆ, ಮುಖ್ಯಸ್ಥಳ ದಮಣವೇ.

ಕಾರ್ತಿಕವನ್ನೇ ಏಕೆ ಹೇಳುತ್ತೇವೆಂದರೆ, ವೈಶಾಖದಲ್ಲಿ ಅಲ್ಲಿಯ ಬಿಸಿಲು ಬೆವರು ಸೇರಿ ಮನುಷ್ಯನನ್ನು ಹಿಂಡಿಬಿಡುತ್ತವೆ. ಮಳೆಗಾಲದಲ್ಲಿ ಕಡಲು ಕೆಸರು ನೀರಾಗಿ ಹುಚ್ಚೆದ್ದಿರುತ್ತದೆ. ದೀಪಾವಳಿ ಕಳೆದ ಮೇಲೆ ಬೆಳಗಿನ ಗಾಳಿಗೆ ಸ್ವಲ್ಪ ಚಳಿ ಸೇರುತ್ತದೆ, ಆಕಾಶ ತೊಳೆದಂತಿರುತ್ತದೆ, ಮೀನುದೋಣಿಗಳೆಲ್ಲ ನೀರಿಗಿಳಿದಿರುತ್ತವೆ. ಆದರೆ ಹಬ್ಬದ ರಜೆಯಲ್ಲೇ ಹೊರಡಬಾರದು. ದೀಪಾವಳಿಯಿಂದ ಲಾಭಪಂಚಮಿಯ ವರೆಗೆ ಗುಜರಾತಿನ ಅಂಗಡಿ ಕಾರಖಾನೆಗಳು ಬಾಗಿಲು ಮುಚ್ಚಿ ಅರ್ಧ ರಾಜ್ಯವೇ ಪ್ರವಾಸ ಹೊರಟಿರುತ್ತದೆ. ಆಗ ದಮಣದಲ್ಲಿ ಕೋಣೆಯ ಬಾಡಿಗೆ ಮೂರು ಪಟ್ಟು, ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ರಾಜ್ಯೋತ್ಸವದ ಓಡಾಟವೂ ಮುಗಿದು, ತುಳಸೀ ಲಗ್ನ ಕಳೆದು, ಇನ್ನೂ ಕ್ರಿಸ್‌ಮಸ್ ಬಂದಿರುವುದಿಲ್ಲ; ಆ ಮೂರು ನಾಲ್ಕು ವಾರಗಳೇ ನಮ್ಮಂಥವರಿಗೆ ತಕ್ಕವು. ವಾರದ ರಜೆ ಭಾನುವಾರವಲ್ಲದೆ ಬೇರೆ ದಿನ ಸಿಗುವ ಗಿರಣಿಯವರಿಗೆ ಇನ್ನೂ ಅನುಕೂಲ.

ರೈಲಿನಲ್ಲಿ ಇಳಿಯಬೇಕಾದ ನಿಲ್ದಾಣ ವಾಪಿ. ಸೂರತ್ತಿನಿಂದ ಅದು ತೊಂಬತ್ತು ಕಿಲೋಮೀಟರು ಚಿಲ್ಲರೆ, ಅಹಮದಾಬಾದಿನಿಂದ 320ರ ಮೇಲೆ. ವಡೋದರೆಯವರಿಗೆ ಇವೆರಡರ ನಡುವಿನ ದೂರ. ಸೂರತ್ತಿನವರು ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ಅಹಮದಾಬಾದಿನವರು ರಾತ್ರಿ ಗಾಡಿ ಹಿಡಿದು ಬೆಳಕು ಹರಿಯುವಾಗ ಇಳಿಯುವುದು ಲೇಸು; ಕೋಣೆಯ ಬಾಡಿಗೆ ಉಳಿಯುತ್ತದೆ. ನಿಲ್ದಾಣದ ಪಶ್ಚಿಮದ ಬಾಗಿಲಿನಿಂದ ಹೊರಬಿದ್ದರೆ ದಮಣಕ್ಕೆ ಬಸ್ಸುಗಳೂ, ಸೀಟಿನ ಲೆಕ್ಕದ ರಿಕ್ಷಾಗಳೂ ಸಿಗುತ್ತವೆ. ದೂರ ಸುಮಾರು ಹನ್ನೆರಡು ಕಿಲೋಮೀಟರು. ಬುತ್ತಿ ಕಟ್ಟಿಕೊಂಡು ಹೋದರೆ ಒಳ್ಳೆಯದು. ರೊಟ್ಟಿ, ಶೇಂಗಾ ಚಟ್ನಿ ಎರಡು ಹೊತ್ತಿಗೆ ಕೆಡುವುದಿಲ್ಲ. ಆದರೆ ಒಂದು ಹೊತ್ತಿನ ಹೊಟ್ಟೆಯನ್ನು ಉಂಬಾಡಿಯುವಿಗೆ ಖಾಲಿ ಇಟ್ಟುಕೊಳ್ಳಬೇಕು. ವಲಸಾಡ, ವಾಪಿ ಕಡೆಯ ರಸ್ತೆ ಬದಿಯಲ್ಲಿ ಚಳಿಗಾಲದಲ್ಲಿ ಮಾತ್ರ ಮಾಡುವ ತಿನಿಸು ಅದು. ಅವರೆಯ ಜಾತಿಯ ಪಾಪಡಿ ಕಾಯಿ, ಗೆಣಸು, ಕಂದ, ಬಟಾಟೆಗಳನ್ನು ಹಸಿರು ಮಸಾಲೆ ಸವರಿ, ಕಾಡು ಸೊಪ್ಪಿನೊಡನೆ ಮಡಕೆಯಲ್ಲಿ ತುಂಬಿ, ಮಡಕೆಯನ್ನು ಬೋರಲು ಹಾಕಿ ಸುತ್ತ ಬೆಂಕಿ ಹಚ್ಚಿ ಬೇಯಿಸುತ್ತಾರೆ. ಸೊಗಡಿನ ಅವರೆಕಾಯಿ ತಿಂದು ಬೆಳೆದವರಿಗೆ ಅದನ್ನು ಹೊಗಳಿ ಹೇಳಬೇಕಾಗಿಲ್ಲ. ಬೆಳಗಿನ ಜಾವ ತಾಳೆಮರದಿಂದ ಇಳಿಸಿದ ನೀರೋ ಸಹ ಈ ಕಾಲದ್ದೇ. ಬಿಸಿಲೇರುವ ಮೊದಲು ಕುಡಿಯಬೇಕು.

ರಿಕ್ಷಾ ಡಾಭೇಲ್ ಎಂಬಲ್ಲಿ ಗಡಿ ದಾಟುತ್ತದೆ. ಹೋಗುವಾಗ ಯಾರೂ ತಡೆಯುವುದಿಲ್ಲ. ಮಣ್ಣು ಅದೇ, ಗುಜರಾತಿ ಮಾತು ಅದೇ. ಅಂಗಡಿಯ ಫಲಕಗಳು ಮಾತ್ರ ಬದಲಾಗುತ್ತವೆ. ಇಲ್ಲಿಂದ ಮುಂದೆ ಎರಡೂ ಬದಿಗೆ ಕಾರಖಾನೆಗಳು. ತೆರಿಗೆಯ ರಿಯಾಯಿತಿ ಇದ್ದ ಕಾಲದಲ್ಲಿ ಪ್ಲಾಸ್ಟಿಕ್, ನೂಲು, ಔಷಧಿ ಮುಂತಾದ ನೂರಾರು ಉದ್ಯಮಗಳು ಇಲ್ಲಿ ಬಂದು ನೆಲೆಸಿದುವು. ಅವುಗಳ ಹಿಂದೆ ಬಿಹಾರ, ಉತ್ತರ ಪ್ರದೇಶ, ಒಡಿಶಾಗಳಿಂದ ಒಂಟಿ ಗಂಡಸರು ಬಂದರು. 2011ರ ಜನಗಣತಿಯಲ್ಲಿ ದಮಣ ಜಿಲ್ಲೆಯ ಜನಸಂಖ್ಯೆ 1,91,173. ಅದರಲ್ಲಿ ಸಾವಿರ ಗಂಡಸರಿಗೆ ಹೆಂಗಸರು 530ರ ಸುಮಾರು! ಇಡೀ ಭಾರತದಲ್ಲಿ ಇಷ್ಟು ಕಡಿಮೆ ಪ್ರಮಾಣದ ಜಿಲ್ಲೆ ಆಗ ಇನ್ನೊಂದಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಇದೊಂದು ಅಂಕಿ. ಒಂದೇ ಕೋಣೆಯಲ್ಲಿ ಎಂಟು ಜನ ಪಾಳಿಯ ಮೇಲೆ ಮಲಗಿ, ಹಾಸಿಗೆ ಆರದಂತೆ ನೋಡಿಕೊಂಡವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕೆ? ಡಾಭೇಲಿನ ಚಾಳುಗಳನ್ನು ದಾಟುವಾಗ ಒಣಹಾಕಿದ ಬಟ್ಟೆಗಳ ಸಾಲನ್ನು ನೋಡಿರಿ. ಸೀರೆಯೊಂದೂ ಕಾಣದ ಓಣಿಗಳು ಅಲ್ಲಿವೆ.

ನಾನಿ ದಮಣದ ಪೇಟೆಯನ್ನು ಬೇಗ ದಾಟಿ ನದಿಯ ಬದಿಗೆ ಬಂದುಬಿಡಬೇಕು. ಅಲ್ಲಿ ಸಂತ ಜೆರೋಮನ ಹೆಸರಿನ ಕೋಟೆಯಿದೆ. 1614ರಲ್ಲಿ ಕೆಲಸ ಹಿಡಿದು 1627ರಲ್ಲಿ ಮುಗಿಸಿದರು. ಚಿಕ್ಕ ಕೋಟೆಯೇ, ಆದರೆ ನದಿಗೆ ಮುಖ ಮಾಡಿದ ಅದರ ಹೆಬ್ಬಾಗಿಲು ಮಾತ್ರ ದೊಡ್ಡದು. ಬಾಗಿಲಿನ ಮೇಲೆ ಸಂತನ ದೊಡ್ಡ ಕಲ್ಲಿನ ಮೂರ್ತಿ, ಎರಡು ಪಕ್ಕಕ್ಕೂ ದೈತ್ಯರಂಥ ಎರಡು ಆಳು. ನಮ್ಮ ಗುಡಿಗಳ ದ್ವಾರಪಾಲಕರನ್ನು ಕಂಡು ಬೆಳೆದವರು ಅವರೆದುರು ನಿಂತು ನಗದೆ ಇರಲಾರರು. ನಮ್ಮ ಸಂಗಡ ಬಂದಿದ್ದ ಬಾಗಲಕೋಟೆಯ ಹಿರಿಯರೊಬ್ಬರು ಅಭ್ಯಾಸಬಲದಿಂದ ಕೈಯನ್ನೇ ಮುಗಿದರು. ಗೋಡೆಯ ಮೇಲೆ ಹತ್ತಿ ನಿಂತರೆ ಕೆಳಗೆ ದೋಣಿಕಟ್ಟೆ, ನದೀಮುಖ, ಆಚೆ ದಂಡೆಯ ದೊಡ್ಡ ಕೋಟೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಇಳಿತದ ಹೊತ್ತಿನಲ್ಲಿ ಹೋದರೆ ದೋಣಿಗಳೆಲ್ಲ ಕೆಸರಿನ ಮೇಲೆ ವಾಲಿಕೊಂಡು ಮಲಗಿರುತ್ತವೆ. ಮೂರು ನಾಲ್ಕು ತಾಸು ಕಾದರೆ ಅವೇ ದೋಣಿಗಳು ಎದ್ದು ನೀರ ಮೇಲೆ ತೂಗುತ್ತಿರುತ್ತವೆ. ಇಲ್ಲಿಯ ಮೀನುಗಾರರಲ್ಲಿ ತಾಂಡೇಲ ಎಂಬ ಅಡ್ಡಹೆಸರು ಬಹಳ. ನಮ್ಮ ಕರಾವಳಿಯಲ್ಲಿ ದೋಣಿಯ ಮುಖ್ಯಸ್ಥನನ್ನು ತಂಡೇಲ ಎನ್ನುತ್ತೇವಷ್ಟೆ, ಅದೇ ಮಾತು. ಹೊನ್ನಾವರದ ಕಡೆಯ ಸದಸ್ಯರೊಬ್ಬರು ಆ ಒಂದು ಶಬ್ದದ ಬಲದ ಮೇಲೆ ಬಲೆ ಹೆಣೆಯುತ್ತಿದ್ದವರೊಡನೆ ಅರ್ಧ ತಾಸು ಮಾತಾಡಿದ್ದನ್ನು ನಾವು ಕಂಡಿದ್ದೇವೆ.

ಆಚೆ ದಂಡೆಗೆ ಸೇತುವೆಯ ಮೇಲೆ ಹೋಗಬೇಕು. 2003ರ ಆಗಸ್ಟ್ 28ರಂದು, ಮಳೆಯ ದಿನ, ಇಲ್ಲಿದ್ದ ಹಳೆಯ ಸೇತುವೆ ಕುಸಿದು ಶಾಲೆಯಿಂದ ಮರಳುತ್ತಿದ್ದ ಮಕ್ಕಳು ನದಿಯ ಪಾಲಾದರು. ಊರಿನ ಹಿರಿಯರು ಇಂದಿಗೂ ಆ ಮಾತು ಬಂದರೆ ನದಿಯ ಕಡೆಗೆ ನೋಡಿ ಸುಮ್ಮನಾಗುತ್ತಾರೆ. ಎರಡು ದಂಡೆಯ ಊರಿಗೆ ಸೇತುವೆಯೆಂದರೆ ಏನೆಂಬುದು ದಿನವೂ ಸಾಬರಮತಿಯನ್ನು ದಾಟಿ ಕೆಲಸಕ್ಕೆ ಹೋಗುವ ನಮಗೆ ತಿಳಿಯದ್ದಲ್ಲ.

ಮೋಟಿ ದಮಣದ ಕೋಟೆಯೊಳಗೆ ಕಾಲಿಟ್ಟೊಡನೆ ಬೇರೆ ಸೀಮೆಗೆ ಬಂದಂತಾಗುತ್ತದೆ. ಹತ್ತು ಕೊತ್ತಳ, ಎರಡು ಬಾಗಿಲು, ನೆಲದ ಕಡೆಗೆ ಕಂದಕ. ಒಳಗೆ ನೆಟ್ಟಗಿನ ಬೀದಿಗಳು, ಹೆಂಚಿನ ಮನೆಗಳು, ಸರಕಾರಿ ಕಚೇರಿಗಳು, ದೊಡ್ಡ ಮರಗಳು. ನಾನಿ ದಮಣದ ಗದ್ದಲದ ಒಂದು ಸೊಲ್ಲೂ ಇಲ್ಲಿಗೆ ಬರುವುದಿಲ್ಲ. ಬೊಂ ಜೇಸುಸ್ ಎಂಬ ಚರ್ಚು 1603ರದು. ಹೊರಗೆ ಸಾದಾ ಬಿಳಿಯ ಗೋಡೆ; ಒಳಗೆ ಹೋಗಿ ಪೀಠದ ಮರದ ಕೆತ್ತನೆಯನ್ನು ನೋಡಬೇಕು. ಅದರ ಸಮೀಪದಲ್ಲೇ ರೋಸರಿ ಮಾತೆಯ ಚಿಕ್ಕ ಚರ್ಚು, ಅಲ್ಲಿಯೂ ಕೆತ್ತನೆ ಸೊಗಸಾಗಿದೆ. ಚಪ್ಪಲಿ ಬಿಡುವ ಕಟ್ಟಳೆಯಿಲ್ಲ, ಆದರೆ ಪೂಜೆಯ ಹೊತ್ತಿನಲ್ಲಿ ಫೋನು ಎತ್ತಿ ಚಿತ್ರ ತೆಗೆಯುವುದು ತರವಲ್ಲ. ಡೊಮಿನಿಕನ್ ಮಠವೊಂದರ ಪಾಳುಗೋಡೆಗಳೂ ಕೋಟೆಯೊಳಗೇ ಇವೆ. ಪೋರ್ಚುಗಲ್ಲಿನ ಹೆಸರಾಂತ ಕವಿ ಬೊಕಾಜ್ ತರುಣನಾಗಿದ್ದಾಗ 1789ರಲ್ಲಿ ಸೈನ್ಯದ ನೌಕರಿಯ ಮೇಲೆ ಈ ಊರಿಗೆ ವರ್ಗವಾಗಿ ಬಂದು, ಬೇಸತ್ತು, ಹೇಳದೆ ಕೇಳದೆ ಓಡಿಹೋದನಂತೆ. ವರ್ಗಾವಣೆಯ ಕಷ್ಟ ಕವಿಗಳಿಗೂ ತಪ್ಪಿದ್ದಲ್ಲ.

ಪೋರ್ಚುಗೀಸರು ಈ ಊರನ್ನು ಗುಜರಾತಿನ ಸುಲ್ತಾನರ ಕೈಯಿಂದ ಕಿತ್ತುಕೊಂಡದ್ದು 1559ರಲ್ಲಿ, ಬಿಟ್ಟದ್ದು 1961ರಲ್ಲಿ. ಲೆಕ್ಕ ಹಾಕಿದರೆ 402 ವರ್ಷ. ಇಂಗ್ಲಿಷರು ಸೂರತ್ತಿನಲ್ಲಿ ಕೋಠಿ ತೆರೆಯುವ ಮೊದಲೇ ಬಂದವರು, ಇಂಗ್ಲಿಷರು ಹೋದ ಹದಿನಾಲ್ಕು ವರ್ಷದ ಮೇಲೆ ಹೋದರು. ನಡುವೆ 1779ರಲ್ಲಿ ಪೇಶ್ವೆಯವರೊಡನೆ ಆದ ಒಪ್ಪಂದದ ಮೇರೆಗೆ ಒಳನಾಡಿನ ನಗರ ಹವೇಲಿ, ದಾದ್ರಾಗಳ ಹಳ್ಳಿಗಳೂ ಅವರ ಕೈ ಸೇರಿದುವು. ಇಲ್ಲಿಂದಲೇ ಒಂದು ವಿಚಿತ್ರ ಮೊಕದ್ದಮೆಗೆ ಬೀಜ ಬಿತ್ತು. ಕಚೇರಿಯ ಕಾಗದಗಳ ನಡುವೆ ಬದುಕುವ ನಮ್ಮಂಥವರಿಗೆ ರುಚಿಸುವ ಸಂಗತಿಯಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇವೆ.

ದಮಣ ಕಡಲ ದಂಡೆಯಲ್ಲಿ, ದಾದ್ರಾ ನಗರ ಹವೇಲಿ ಒಳನಾಡಿನಲ್ಲಿ; ಇವೆರಡರ ನಡುವೆ ಇಂದಿನ ವಾಪಿಯ ಸುತ್ತಿನ ಕೆಲವೇ ಮೈಲು ಭಾರತದ ನೆಲ. ಬ್ರಿಟಿಷರ ಕಾಲದಲ್ಲಿ ಪೋರ್ಚುಗೀಸ್ ಅಧಿಕಾರಿಗಳು ಈ ನೆಲದ ಮೇಲೆ ಹಾದು ಓಡಾಡುತ್ತಿದ್ದರು. 1954ರ ಜುಲೈ ಆಗಸ್ಟಿನಲ್ಲಿ ಸ್ವಾತಂತ್ರ್ಯ ಸ್ವಯಂಸೇವಕರು ದಾದ್ರಾವನ್ನೂ ನಗರ ಹವೇಲಿಯನ್ನೂ ಬಿಡಿಸಿಕೊಂಡರು. ದಮಣದಿಂದ ಪೊಲೀಸರನ್ನು ಕಳಿಸೋಣವೆಂದರೆ ಭಾರತ ಸರಕಾರ ದಾರಿ ಬಿಡಲಿಲ್ಲ. 1955ರ ಡಿಸೆಂಬರಿನಲ್ಲಿ ಪೋರ್ಚುಗಲ್ ಹೇಗ್ ಪಟ್ಟಣದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ದೂರು ಕೊಟ್ಟಿತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಛಾಗಲಾ ಅವರು ಈ ಮೊಕದ್ದಮೆಯ ಮಟ್ಟಿಗೆ ಅಲ್ಲಿ ನ್ಯಾಯಾಧೀಶರಾಗಿ ಕುಳಿತಿದ್ದರು. 1960ರ ಏಪ್ರಿಲ್ 12ರಂದು ತೀರ್ಪು ಬಂತು: ಖಾಸಗಿ ಜನ, ಸಿವಿಲ್ ಅಧಿಕಾರಿಗಳು, ಸಾಮಾನ್ಯ ಸರಕು ಇವಕ್ಕೆ ಹಾದುಹೋಗುವ ಹಕ್ಕು ಇತ್ತು, ಸೈನ್ಯ, ಶಸ್ತ್ರಸಜ್ಜಿತ ಪೊಲೀಸು, ಆಯುಧಗಳಿಗೆ ಇರಲಿಲ್ಲ, 1954ರಲ್ಲಿ ದಾರಿ ಬಿಡದೆ ಇದ್ದದ್ದರಿಂದ ಭಾರತ ಯಾವ ಕರ್ತವ್ಯವನ್ನೂ ಮೀರಲಿಲ್ಲ. ಇಬ್ಬರೂ ಗೆದ್ದೆವೆಂದು ಹೇಳಿಕೊಳ್ಳಬಹುದಾದ ತೀರ್ಪು. ಈಗ ಆ ಕೆಲವು ಮೈಲುಗಳನ್ನು ಸೀಟಿನ ರಿಕ್ಷಾದಲ್ಲಿ ದಾಟಿಬಿಡುತ್ತೇವೆ.

ಮುಂದಿನ ವರ್ಷವೇ ಕಥೆ ಮುಗಿಯಿತು. ಮುಗಿಯುವುದಕ್ಕೆ ಕಿಡಿ ಬಿದ್ದದ್ದು ನಮ್ಮ ಕಾರವಾರದ ಕಣ್ಣೆದುರಿಗೆ. ಕಾರವಾರದ ಬಳಿಯ ಅಂಜದೀವ ದ್ವೀಪ ಆಗ ಪೋರ್ಚುಗೀಸರದು. 1961ರ ನವೆಂಬರಿನಲ್ಲಿ ಅಲ್ಲಿಂದ ಭಾರತದ ಪ್ರಯಾಣಿಕರ ಹಡಗೊಂದರ ಮೇಲೆ ಗುಂಡು ಹಾರಿತು. ಹಡಗಿನ ಹೆಸರು ಸಾಬರಮತಿ! ಡಿಸೆಂಬರ್ 18ರ ನಸುಕಿನಲ್ಲಿ ಗೋವೆ, ದಮಣ, ದೀವ್ ಮೂರೂ ಕಡೆ ಭಾರತದ ಸೈನ್ಯ ನುಗ್ಗಿತು. ದಮಣದ ಮೇಲೆ ಬಂದದ್ದು ಮರಾಠಾ ಲಘು ಪದಾತಿದಳದ ಒಂದನೆಯ ಬಟಾಲಿಯನ್. ಆ ದಳದ ತರಬೇತಿಯ ಕೇಂದ್ರ ನಮ್ಮ ಬೆಳಗಾವಿಯಲ್ಲಿರುವುದು ಆ ಕಡೆಯವರಿಗೆಲ್ಲ ಗೊತ್ತು. ಮರುದಿನ, 19ರ ಮುಂಜಾನೆ, ದಮಣದ ಪೋರ್ಚುಗೀಸ್ ಪಡೆ ಶರಣಾಯಿತು. ನಾನಿ ದಮಣದ ವಿಮಾನತಾಣ ಈಗ ನಮ್ಮ ಕರಾವಳಿ ರಕ್ಷಣಾ ಪಡೆಯದು.

ನಾಲ್ಕು ಶತಮಾನ ಒಂದೂರಿನಲ್ಲಿ ಕುಳಿತವರು ಎದ್ದುಹೋದರೆ ಏನು ಉಳಿಯುತ್ತದೆ? ಮೋಟಿ ದಮಣದ ಕ್ರೈಸ್ತ ಮನೆಗಳಲ್ಲಿ ಇನ್ನೂ ಒಂದು ಮಾತು ಉಳಿದಿದೆ. ಶಬ್ದಗಳು ಪೋರ್ಚುಗೀಸಿನವು, ಜೋಡಿಸುವ ರೀತಿಯಲ್ಲಿ ಗುಜರಾತಿಯ ಛಾಯೆ. 'ಮನೆಯ ನುಡಿ' ಎಂಬರ್ಥದ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಆಡುವವರು ಕೆಲವೇ ಸಾವಿರ. ಶಾಲೆಯಲ್ಲಿ ಅದಿಲ್ಲ, ಕಚೇರಿಯಲ್ಲಿ ಇಲ್ಲ. ಒಲೆಯ ಮುಂದೆ, ಅಂಗಳದಲ್ಲಿ, ಮುದುಕಿಯರ ಬಾಯಲ್ಲಿ ಇದೆ. ಕೋಟೆಯ ಹೊರಗಿನ ಚಹಾದಂಗಡಿಯಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಆ ನುಡಿಯಲ್ಲಿ ಕರೆದರು. ಅವನು ಗುಜರಾತಿಯಲ್ಲಿ ಉತ್ತರ ಕೊಟ್ಟ. ನಮ್ಮ ಜತೆಗಿದ್ದ ಸದಸ್ಯರು ನಮ್ಮ ಮುಖ ನೋಡಿದರು. ಅವರ ಮನೆಯಲ್ಲೂ ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಗುಜರಾತಿಯಲ್ಲೇ ಉತ್ತರ ಕೊಡುತ್ತಾಳೆ.

ಬೀಗ ಹಾಕಿದ ಮನೆಗಳೂ ಬಹಳ ಕಾಣುತ್ತವೆ. 1961ರ ಡಿಸೆಂಬರಿನ ಮೊದಲು ದಮಣದಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಪೋರ್ಚುಗಲ್ಲಿನ ಪೌರತ್ವ ಕೇಳಬಹುದೆಂದು ಆ ದೇಶದ ಕಾನೂನು. ಆ ಕಾಗದ ಸಿಕ್ಕವರು ಪೋರ್ಚುಗಲ್ಲಿಗಿಂತ ಹೆಚ್ಚಾಗಿ ಇಂಗ್ಲೆಂಡಿಗೆ, ಲೆಸ್ಟರಿನಂಥ ಊರುಗಳಿಗೆ ಹೋಗಿ ಕಾರಖಾನೆ ಗೋದಾಮುಗಳಲ್ಲಿ ಕೆಲಸ ಹಿಡಿದರು. ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಟ್ಟ ಮೇಲೆ, 2021ರಿಂದ, ಹೊಸಬರಿಗೆ ಆ ಬಾಗಿಲು ಮುಚ್ಚಿದೆ. ಮೊದಲೇ ಹೋದವರು ಅಲ್ಲಿಯೇ ಇದ್ದಾರೆ. ಇವರಲ್ಲಿ ಹಿಂದೂಗಳು, ತಾಂಡೇಲರು, ಮುಸಲ್ಮಾನರು ಎಲ್ಲರೂ ಉಂಟು. ಹೀಗೆ ಡಾಭೇಲಿನಲ್ಲಿ ಬಿಹಾರದವನು ಊರು ಬಿಟ್ಟು ಬಂದು ದುಡಿಯುತ್ತಾನೆ. ದಮಣದವನು ಊರು ಬಿಟ್ಟು ಹೋಗಿ ಲೆಸ್ಟರಿನಲ್ಲಿ ದುಡಿಯುತ್ತಾನೆ. ಅಹಮದಾಬಾದಿನಿಂದ ಬಂದ ವಿಜಾಪುರದವರು ನಾವು ಇಬ್ಬರನ್ನೂ ನಿಂತು ನೋಡುತ್ತೇವೆ. ಹೊರಗೆ ಹೋದವರು ಮದುವೆ ಮುಂಜಿ, ಮನೆ ದುರಸ್ತಿಗೆಂದು ಬರುವುದು ಬಹುತೇಕ ಈ ಚಳಿಗಾಲದಲ್ಲೇ. ಕಾರ್ತಿಕದಲ್ಲಿ ಹೋದರೆ ಬೀಗ ತೆಗೆದು ಸುಣ್ಣ ಬಳಿಯುತ್ತಿರುವ ಮನೆಗಳನ್ನು ಕಾಣಬಹುದು.

ಕಡಲಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಯಲು ಸೀಮೆಯಿಂದ ಬಂದ ನಮ್ಮವರಿಗೆ ಭರತ ಇಳಿತಗಳ ಪರಿಚಯ ಕಡಿಮೆ. ಖಂಭಾತದ ಕೊಲ್ಲಿಯ ಈ ಭಾಗದಲ್ಲಿ ನೀರು ಏರಿಳಿಯುವ ಪ್ರಮಾಣ ಬಹಳ ಹೆಚ್ಚು. ಇಳಿದಾಗ ಕಡಲು ಕಣ್ಣಿಗೆ ಕಾಣದಷ್ಟು ದೂರ ಸರಿದು ಕೆಸರು, ಬಂಡೆಗಳಷ್ಟೇ ಉಳಿಯುತ್ತವೆ. ಏರುವಾಗ ಬೆನ್ನ ಹಿಂದಿನ ತಗ್ಗುಗಳಲ್ಲಿ ಮೊದಲು ನೀರು ತುಂಬಿ, ಮುಂದೆ ಹೋದವನು ನಡುವೆ ಸಿಕ್ಕಿಬೀಳುತ್ತಾನೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಅತಿ ಹೆಚ್ಚು. ಪಂಚಾಂಗ ನೋಡಿಕೊಂಡು ಹೊರಡಿರಿ, ಕಟ್ಟೆಯ ಮೇಲಿನ ಮೀನುಗಾರರನ್ನು ಹೊತ್ತು ಕೇಳಿಕೊಳ್ಳಿರಿ. ನಾನಿ ದಮಣದ ದೇವ್‌ಕಾದಲ್ಲಿ ಬಂಡೆಗಳು ಹೆಚ್ಚಿದ್ದು ಸ್ನಾನಕ್ಕೆ ತಕ್ಕದ್ದಲ್ಲ. ಅಲ್ಲಿ 2023ರ ಏಪ್ರಿಲಿನಲ್ಲಿ ತೆರೆದ ಐದೂವರೆ ಕಿಲೋಮೀಟರಿನ ಕಡಲಂಚಿನ ದಾರಿಯ ಮೇಲೆ ಸಂಜೆ ನಡೆಯುವುದೇ ಸುಖ. ಮೋಟಿ ದಮಣದ ಜಂಪೋರ್‌ನಲ್ಲಿ ಗಾಳಿಮರಗಳ ತೋಪಿದೆ, ಮರಳಿದೆ, ಮಕ್ಕಳಿಗೆ ಕುದುರೆ ಒಂಟೆಗಳೂ ಇವೆ. ಬುತ್ತಿ ಬಿಚ್ಚಲು ಅದೇ ಸ್ಥಳ.

ಇನ್ನು ಬಾಟ್ಲಿಯ ಮಾತು. ದಮಣದಲ್ಲಿ ಮದ್ಯ ಮಾರುವುದು, ಕೊಳ್ಳುವುದು ನ್ಯಾಯಬದ್ಧ. ಡಾಭೇಲಿನ ಗಡಿಯ ಈಚೆ ಅದೇ ಅಪರಾಧ. ಗುಜರಾತಿನ ಪಾನನಿಷೇಧದ ಮೂಲ 1949ರ ಮುಂಬಯಿ ಪಾನನಿಷೇಧ ಕಾನೂನು. 1956ರ ವರೆಗೆ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೂ ಮುಂಬಯಿ ರಾಜ್ಯದಲ್ಲೇ ಇದ್ದುದರಿಂದ ನಮ್ಮ ಅಜ್ಜಂದಿರೂ ಅದೇ ಕಾನೂನಿನ ಕೆಳಗೆ ಬಾಳಿದವರು. 1960ರ ಮೇ 1ರಂದು ಗುಜರಾತ್ ಬೇರೆಯಾದಾಗ ಅದನ್ನು ಹಾಗೆಯೇ ಉಳಿಸಿಕೊಂಡಿತು. 2017ರ ತಿದ್ದುಪಡಿಯಿಂದ ಮದ್ಯವನ್ನು ಕೊಳ್ಳುವುದು, ಮಾರುವುದು, ಸಾಗಿಸುವುದು ಇವಕ್ಕೆ ಹತ್ತು ವರ್ಷದ ವರೆಗೆ ಸೆರೆ, ಐದು ಲಕ್ಷ ರೂಪಾಯಿಯ ವರೆಗೆ ದಂಡ ಬೀಳಬಹುದಾಗಿದೆ. ಒಂದೇ ಬಾಟ್ಲಿಯಾದರೂ ಸಾಗಣೆ ಸಾಗಣೆಯೇ. ಪರವಾನಗಿ ಇದ್ದವರ ಮಾತು ಬೇರೆ. ನಮ್ಮಲ್ಲಿ ಅದು ಯಾರಿಗಿದೆ? ಅಲ್ಲಿಯೇ ಕುಡಿದು ಬಂದರಾಯಿತಲ್ಲ ಎನ್ನುವವರಿಗೂ ಒಂದು ಮಾತು: ಬಾಯಿ ವಾಸನೆ ನೋಡುವ ಯಂತ್ರ ಹಿಡಿದು ಪೊಲೀಸರು ನಿಂತಿರುತ್ತಾರೆ. ಡಿಸೆಂಬರ್ 31ರ ರಾತ್ರಿ ವಲಸಾಡ ಜಿಲ್ಲೆಯಲ್ಲಿ ಹೀಗೆ ಹಿಡಿದವರನ್ನು ಕೂಡಿಹಾಕಲು ಠಾಣೆ ಸಾಲದೆ ಮದುವೆ ಮಂಟಪಗಳನ್ನು ಹಿಡಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆಚೆ ಕುಡಿದದ್ದು ತಪ್ಪಲ್ಲವೆಂಬ ವಾದವನ್ನು ಆ ರಾತ್ರಿ ಅಲ್ಲಿ ಕೇಳುವವರಿಲ್ಲ.

ನಮ್ಮ ಕಡೆಯ ಒಬ್ಬ ಹುಡುಗನ ಸಂಗತಿ ಹೇಳುತ್ತೇವೆ, ಹೆಸರು ಬೇಡ. ಬಟ್ಟೆಗೆ ಬಣ್ಣ ಹಾಕುವ ಕಾರಖಾನೆಯೊಂದರಲ್ಲಿ ಕೆಲಸ. ಬಾಟ್ಲಿ ಮುಟ್ಟಿದವನಲ್ಲ. ಗೆಳೆಯರ ಜತೆ ದಮಣ ನೋಡಲು ಹೊರಟಾಗ ಮೇಲಿನವರೊಬ್ಬರು "ಬರುವಾಗ ಎರಡು ತಗೊಂಡು ಬಾ" ಎಂದು ಹಣ ಕೊಟ್ಟರು. ಕಾಯಂ ಆಗುವ ವರ್ಷ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಮರಳುವಾಗ ದಾರಿಯ ಒಂದು ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದರು. ತರಿಸಿದವರು ಫೋನು ಎತ್ತಲಿಲ್ಲ. ಜಾಮೀನಿಗೆ ಸ್ಥಳೀಕರು ಬೇಕೆಂದರೆ ಇವನಿಗೆ ಯಾರು? ಕೋಣೆ ಬಾಡಿಗೆಯದು, ರೇಶನ್ ಕಾರ್ಡು ಊರಿನದು. ಕೊನೆಗೆ ನಮ್ಮ ಸದಸ್ಯರಿಬ್ಬರು ಬಿಡಿಸಿಕೊಂಡು ಬರಲು ಎರಡು ದಿನದ ರಜೆ ಹಾಕಿ, ಮನೆಯ ಕಾಗದ ಹಿಡಿದು ಹೋದರು. ಹುಡುಗ ಹೊರಗೆ ಬಂದ, ಕೆಲಸ ಹೋಯಿತು. ಮುಂದೆ ತಾರೀಖು ಬಿದ್ದಾಗಲೆಲ್ಲ ಬಾಗಲಕೋಟೆಯಿಂದ ಎರಡು ಗಾಡಿ ಬದಲಾಯಿಸಿ ಬಂದು ಹೋಗುತ್ತಿದ್ದ. ತಂದೆ ಎತ್ತು ಮಾರಿದರು. ಎರಡು ಬಾಟ್ಲಿಗಳ ಬೆಲೆ ಆ ಮನೆಗೆ ಅಷ್ಟಾಯಿತು. ಆದ್ದರಿಂದ ಯಾರಾದರೂ "ಬರುವಾಗ ತಾ" ಎಂದರೆ, ದಮಣಕ್ಕೆ ಹೋಗುವ ವಿಷಯವನ್ನೇ ಅವರ ಕಿವಿಗೆ ಹಾಕಿರಬಾರದಿತ್ತೆಂದು ತಿಳಿದು, ಚೀಲ ಚಿಕ್ಕದು ಎಂದುಬಿಡಿ. ಗಾಡಿಯಲ್ಲಿ ಅಪರಿಚಿತರು "ಸ್ವಲ್ಪ ಈ ಗಂಟು ನೋಡಿಕೊಳ್ಳಿರಿ" ಎಂದು ಕಾಲ ಬಳಿ ಇಟ್ಟು ಹೋದರೆ ಎದ್ದು ಬೇರೆ ಕಡೆ ಕುಳಿತುಕೊಳ್ಳಿರಿ. ಇದು ವಾಪಿಯಲ್ಲಿ ದಿನವೂ ನಡೆಯುವ ಉಪಾಯ.

ದಮಣದ ಬಾಟ್ಲಿ ಬೇಡವೆಂದು ಬಸ್ತಿಯ ಲಠ್ಠಾಕ್ಕೆ ಕೈ ಹಾಕುವವರೂ ಇದ್ದಾರೆ. 2009ರ ಜುಲೈಯಲ್ಲಿ ಅಹಮದಾಬಾದಿನ ಕೂಲಿಕಾರರ ಓಣಿಗಳಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಷ್ಟೇ ಸಾಕು.

ಅರ್ಧ ದಿನ ಉಳಿದವರು ವಾಪಿಯಿಂದ ಉತ್ತರಕ್ಕೆ, ಮುಂದಿನ ಊರುಗಳಲ್ಲೊಂದಾದ ಉದ್ವಾಡಕ್ಕೆ ಹೋಗಬಹುದು. ಪಾರಸಿಗಳು ಇರಾನಿನಿಂದ ಬಂದ ಮೇಲೆ ಸಂಜಾಣದಲ್ಲಿ ಸ್ಥಾಪಿಸಿದ ಪವಿತ್ರಾಗ್ನಿ, ಹಲವು ಊರು ಸುತ್ತಿ, 1742ರಿಂದ ಇಲ್ಲಿ ಉರಿಯುತ್ತಿದೆ. ಅನ್ಯರಿಗೆ ಒಳಗೆ ಪ್ರವೇಶವಿಲ್ಲ. ಹೊರಗಿನ ಓಣಿಗಳ ಹಳೆಯ ಮರದ ಮನೆಗಳನ್ನು ನೋಡಿ, ಕಡಲ ತನಕ ನಡೆದು ಬರಬಹುದು. ಅಲ್ಲಿ ನಿಲ್ಲುವ ಗಾಡಿಗಳು ಕಡಿಮೆ. ದೂರದವರು ವಾಪಿಗೇ ಮರಳಿ ಹತ್ತುವುದು ಒಳ್ಳೆಯದು. ವಡೋದರೆ, ಅಹಮದಾಬಾದಿನ ಕಡೆಗೆ ಸಂಜೆಯ ಗಾಡಿಗಳಲ್ಲಿ ಜನ ಬಹಳ, ಹೊರಡುವ ಮೊದಲೇ ಎರಡೂ ಕಡೆಯ ಟಿಕೀಟು ತೆಗೆದಿಟ್ಟುಕೊಳ್ಳತಕ್ಕದ್ದು.